ಮಾಳಿಗೆಯೋ, ಸ್ಲ್ಯಾಬೋ, ನಡುವಿನ ದಾರಿಯೋ: ಬಿಸಿಲುಸೀಮೆಯಲ್ಲಿ ಮನೆ ಕಟ್ಟಿಸುವವರಿಗೆ

ಸಿಂಧನೂರು ಕಡೆಯವರೊಬ್ಬರು ಕೇಳಿದರು: "ಅಪ್ಪನ ಕಾಲದ ಮಾಳಿಗಿ ಮನಿ ಐತ್ರಿ. ಒಂದ್ ಮೂಲಿ ಕುಂತೈತಿ. ಕೆಡವಿ ಸ್ಲ್ಯಾಬ್ ಹಾಕಸ್ಬೇಕೋ, ಇದನ್ನ ರಿಪೇರಿ ಮಾಡಸ್ಬೇಕೋ ತಿಳೀವಲ್ದು." ಕುಷ್ಟಗಿ ತಾಲೂಕಿನ ಇನ್ನೊಬ್ಬರ ಪೇಚು ಬೇರೆ. ಸರ್ಕಾರದ ಮನೆ ಮಂಜೂರಾಗಿದೆ, ನಕ್ಷೆ ನೋಡಿದರೆ ಅವರ ಎರಡು ಎಮ್ಮೆಗೆ ಎಲ್ಲೂ ಜಾಗವಿಲ್ಲ. ಮೂರನೆಯವನು ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗ. ಊರಲ್ಲಿರುವ ಅಜ್ಜಿಯ ಮಣ್ಣಿನ ಮನೆಯನ್ನು ಹಾಗೇ ಉಳಿಸಬೇಕೆಂದು ಅವನ ಆಸೆ, ಅಜ್ಜಿಗೋ ಟೈಲ್ಸ್ ಬೇಕು.

ಮೂವರಿಗೂ ಒಂದೇ ಮಾತು ಹೇಳಿ ಮುಗಿಸುವಂತಿಲ್ಲ. ಆದರೆ ಈ ಪ್ರಶ್ನೆ ನಮ್ಮ ಮನೆಯಲ್ಲೂ ಬಹಳ ವರ್ಷದಿಂದ ಇದೆ. ಯಲಬುರ್ಗಾ ತಾಲೂಕಿನ ನಮ್ಮೂರಲ್ಲಿ ಅಜ್ಜ ಕಟ್ಟಿಸಿದ್ದು ಹನ್ನೆರಡು ಅಂಕಣದ (ಕಂಬದಿಂದ ಕಂಬದವರೆಗಿನ ಜಾಗ ಒಂದು ಅಂಕಣ) ಮಾಳಿಗೆ ಮನೆ, ಅಂದರೆ ತೊಲೆಜಂತಿಯ ಮೇಲೆ ಮಣ್ಣು ಹಾಸಿದ ಸಪಾಟು ಚಾವಣಿಯದು. ಅಣ್ಣತಮ್ಮಂದಿರ ಪಾಲಾದಾಗ ನಡುವೆ ಗೋಡೆ ಎದ್ದಿತು. ದೊಡ್ಡಪ್ಪನ ಮಗ, ನನಗೆ ಅಣ್ಣ, ತನ್ನ ಪಾಲನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿದ, ನಮ್ಮ ಪಾಲು ಹಾಗೇ ಉಳಿಯಿತು. ಹೀಗಾಗಿ ಒಂದೇ ಓಣಿಯ, ಒಂದೇ ಬಿಸಿಲಿನ ಎರಡು ಮನೆಗಳನ್ನು ಒಂದು ಗೋಡೆಯ ಆಚೀಚೆ ನಿಂತು ನೋಡುತ್ತ ಬಂದಿದ್ದೇನೆ. ಇಲ್ಲಿ ಬರೆಯುವುದರಲ್ಲಿ ಅರ್ಧದಷ್ಟು ಆ ಗೋಡೆಯಿಂದ ಕಲಿತದ್ದು.

ಮೊದಲು ಯಾವುದನ್ನು ಅಳೆಯಬೇಕು

ಮನೆಯ ನಕ್ಷೆ ಬರೆಯುವವರು ಕೂತ ಕೂಡಲೇ "ಎಷ್ಟು ಬೆಡ್‌ರೂಮು?" ಅನ್ನುತ್ತಾರೆ. ಅದಕ್ಕಿಂತ ಮುಂಚೆ ಕೇಳಬೇಕಾದ್ದು, ಈ ಮನೆಯಲ್ಲಿ ದಿನಾ ಏನೇನು ನಡೆಯುತ್ತದೆ ಎಂದು. ದನ ಇದೆಯೇ? ವರ್ಷದ ಜೋಳ ಮನೆಯಲ್ಲೇ ಇಡುತ್ತೀರೋ, ಸುಗ್ಗಿ ಮುಗಿದ ವಾರಕ್ಕೇ ಮಾರುತ್ತೀರೋ? ಮಗ್ಗ, ಹೊಲಿಗೆ, ಬಡಿಗತನದಂಥ ಕೈಕಸುಬು ಇದೆಯೇ? ಮಧ್ಯಾಹ್ನ ಮನೆಯಲ್ಲಿರುವವರು ಯಾರು? ಮದುವೆ, ತೊಟ್ಟಿಲು, ಮಣ್ಣು ಅಂದರೆ ಎಷ್ಟು ಜನ ಬಂದು ಕೂರುತ್ತಾರೆ, ಎಲ್ಲಿ ಕೂರುತ್ತಾರೆ?

ಇವುಗಳಲ್ಲಿ ದನದ ಪ್ರಶ್ನೆಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಮ್ಮ ಕಡೆ ಮನುಷ್ಯರೂ ದನವೂ ಒಟ್ಟಿಗೆ ಬದುಕಿದ್ದು ನಿನ್ನೆ ಮೊನ್ನೆಯ ರೂಢಿಯಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪಗಲ್ಲಿನ ಕಡೆ ಬೂದಿದಿಬ್ಬಗಳಿವೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಜನ ದನದ ಸಗಣಿಯನ್ನು ಒಟ್ಟಿ ಸುಟ್ಟು ಬೆಳೆಸಿದ ದಿಬ್ಬಗಳು ಅವು. ತೆಕ್ಕಲಕೋಟೆಯ ಗುಡ್ಡದಲ್ಲಿ 1960ರ ದಶಕದಲ್ಲಿ ಅಗೆದಾಗ ಅದೇ ಕಾಲದ ದುಂಡನೆಯ ಗುಡಿಸಲುಗಳ ನೆಲ ಸಿಕ್ಕಿತು. ದನದ ಜೊತೆಗಿನ ಆ ಬಾಳು ನಮ್ಮಜ್ಜನ ದಂದಕ್ಕಿಯವರೆಗೂ, ಅಂದರೆ ಮನೆಯೊಳಗೆ ದನ ಕಟ್ಟುವ ಜಾಗದವರೆಗೂ, ಬಂದಿದೆ. ತಲಬಾಗಿಲು ದಾಟಿದರೆ ದಂದಕ್ಕಿ, ಗೋಡೆಗುಂಟ ಗ್ವಾದಲಿ (ದನಕ್ಕೆ ಮೇವು ಹಾಕುವ ತೊಟ್ಟಿ), ಎರಡು ಮೆಟ್ಟಿಲೇರಿದರೆ ಪಡಸಾಲೆ, ಒಳಗೆ ಅಡುಗೆಮನೆ, ದೇವರ ಜಗುಲಿ. ಪಡಸಾಲೆಯಲ್ಲಿ ಮಲಗಿದವರಿಗೆ ರಾತ್ರಿ ಎತ್ತಿನ ಕೊರಳಗಂಟೆಯ ಸದ್ದು ಬದಲಾದರೆ ಎಚ್ಚರಾಗುತ್ತಿತ್ತು. ಕಳ್ಳರಿಗೂ ಕರು ಹಾಕುವ ಆಕಳಿಗೂ ಅದೊಂದೇ ವ್ಯವಸ್ಥೆ.

ಉಳಿದ ಅಳತೆಗಳು ಎಲ್ಲರಿಗೂ ಗೊತ್ತಿರುವಂಥವು: ಬೇಸಿಗೆಯ ತಾಪ, ಮಳೆ, ಬಾಳಿಕೆ, ಖರ್ಚು. ಒಂದನ್ನು ಮಾತ್ರ ನಾನಾಗಿ ಸೇರಿಸುತ್ತೇನೆ. ವರ್ಷವರ್ಷವೂ ಆ ಮನೆಯ ಮೈ ತಿದ್ದುವವರು ಯಾರು? ಇದಕ್ಕೆ ಉತ್ತರ ಬಹುತೇಕ ಒಬ್ಬ ಹೆಣ್ಣುಮಗಳ ಹೆಸರೇ ಆಗಿರುತ್ತದೆ. ಮನೆ ಆಯ್ಕೆ ಮಾಡುವಾಗ ಅವಳನ್ನು ಕೇಳುವವರು ಕಡಿಮೆ.

ಹಳೇ ಮಾಳಿಗೆಯನ್ನೇ ಉಳಿಸಿಕೊಳ್ಳುವುದು

ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುವ ಸೀಮೆ ನಮ್ಮದು. ಮಾಳಿಗೆ ಮನೆಯ ಗೋಡೆ ಒಂದೂವರೆಯಿಂದ ಎರಡು ಅಡಿ ದಪ್ಪ. ಮೇಲೆ ತೊಲೆ, ಜಂತಿ, ಅವುಗಳ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಹೆಚ್ಚುಕಡಿಮೆ ಒಂದಡಿ ಮಣ್ಣು. ಇಷ್ಟು ದಪ್ಪವನ್ನು ದಾಟಿ ಬಿಸಿಲು ಒಳಗೆ ಬರುವ ಹೊತ್ತಿಗೆ ಹೊರಗೆ ರಾತ್ರಿಯ ಗಾಳಿ ತಣ್ಣಗಾಗಿರುತ್ತದೆ. ಬೆಳಕಿಂಡಿ ತೆಗೆದರೆ ಕಾವು ಮೇಲಿಂದ ಹೋಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಣ್ಣನ ಮಕ್ಕಳು ಗೋಡೆ ಸುತ್ತಿ ನಮ್ಮ ಪಡಸಾಲೆಗೆ ಬಂದು ಮಲಗುತ್ತಾರೆ. ಅವರ ಮನೆಯಲ್ಲಿ ಎರಡು ಫ್ಯಾನು ಮತ್ತು ಒಂದು ಕೂಲರ್ ಇವೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವುಳು ಮಣ್ಣು ಹಾಕುವುದುಂಟು. ಬೆಳೆ ಬಾರದ ಆ ಮಣ್ಣನ್ನು ಹಿರಿಯರು ಸುಮ್ಮನೆ ಆರಿಸಿಕೊಂಡಿಲ್ಲ. ಅದರಲ್ಲಿರುವ ಸೋಡಿಯಂ ಅಂಶಕ್ಕೆ ಜೇಡಿಯ ಕಣಗಳು ನೀರು ತಗುಲಿದೊಡನೆ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ತುಂಬಿಬಿಡುತ್ತವೆ, ನೀರು ಕೆಳಗೆ ಇಳಿಯುವುದಿಲ್ಲ. ಹೊಲದಲ್ಲಿ ಶಾಪವಾದದ್ದು ಮಾಳಿಗೆಯ ಮೇಲೆ ವರ.

ಇನ್ನು ಬೇನೆಗಳು. ತೊಲೆಗೆ ಒರಲೆ (ಗೆದ್ದಲು) ಹಿಡಿಯುತ್ತದೆ. ಗೋಡೆಯ ಸಂದಿನಲ್ಲಿ ಚೇಳು. ಮೇಲೆ ಹುಲ್ಲು ಬೆಳೆದರೆ ಅದರ ಬೇರಿನ ದಾರಿಯಲ್ಲೇ ಸೋರುತ್ತದೆ. ಈಗ ದೊಡ್ಡ ತೊಲೆಗೆ ಬೇಕಾದ ಬೇವು, ಹೊನ್ನೆ ಸಿಗುವುದು ಕಷ್ಟ. ಜಂತಿ ಕೂಡಿಸಲು ಬಲ್ಲ ಬಡಿಗರೂ ಊರಿಗೊಬ್ಬರಿಲ್ಲ. ದಿನಗಟ್ಟಲೆ ಬಿಡದೆ ಜಡಿಮಳೆ ಹಿಡಿದರೆ ಮಣ್ಣಿನ ಗೋಡೆ ನೆನೆದು ಕೂರುತ್ತದೆ. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಸುರಿದ ಮಳೆಯಲ್ಲಿ ಉತ್ತರ ಕರ್ನಾಟಕದ ಊರೂರುಗಳು ಇದನ್ನು ಕಂಡವು.

ಇನ್ನೊಂದು ದೊಡ್ಡ ಪಾಠ ಗಡಿಯಾಚೆಯದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತರು. ಕೊಂದದ್ದು ಹೆಚ್ಚಾಗಿ ಇದೇ ಬಗೆಯ ಮನೆ: ಮಣ್ಣಿನ ಗಾರೆಯಲ್ಲಿ ಗುಂಡುಕಲ್ಲು ಕಟ್ಟಿದ ದಪ್ಪ ಗೋಡೆ, ಮೇಲೆ ಭಾರದ ಮಣ್ಣು. ಹೊರಮೈ ಒಳಮೈ ಎರಡನ್ನೂ ಹಿಡಿದು ನಿಲ್ಲಿಸುವ ಉದ್ದಗಲ್ಲು ಇಲ್ಲದ ಕಡೆ ಗೋಡೆ ಎರಡು ಸೀಳಾಗಿ ಬಿದ್ದಿತು. ರಾಯಚೂರು, ಕೊಪ್ಪಳದಲ್ಲಿ ಭೂಕಂಪದ ಭಯ ಅಷ್ಟಿಲ್ಲ. ಆದರೂ ನಿಮ್ಮ ಮನೆಯ ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬಿದ್ದರೆ ಅದು ರಿಪೇರಿಯ ಹಂತ ದಾಟಿದೆ. ಮಮತೆ ಬೇಡ, ಕೆಡವಿ.

ಗೋಡೆ ನೆಟ್ಟಗಿದ್ದು ಮೇಲ್ಛಾವಣಿ ಮಾತ್ರ ಕೆಟ್ಟಿದ್ದರೆ? ಆಗ ಉಳಿಸುವುದು ಲಾಭ. ಬುಡಕ್ಕೆ ನೀರು ನಿಲ್ಲದಂತೆ ಸುತ್ತ ಫರಸಿ (ಹಾಸುಗಲ್ಲು) ಹಾಕಿಸಿ, ಗೋಡೆಯ ನೆತ್ತಿಗೆ ಸುತ್ತಲೂ ಒಂದು ಕಾಂಕ್ರೀಟು ಪಟ್ಟಿ ಕೊಡಿಸಿ, ಕೆಟ್ಟ ತೊಲೆ ಅಷ್ಟನ್ನೇ ಬದಲಿಸಿದರೆ ಇನ್ನೊಂದು ತಲೆಮಾರು ಬಾಳುತ್ತದೆ.

ಬೆಂಗಳೂರಿನ ಹುಡುಗನಿಗೆ ಒಂದು ಮಾತು. ಮಣ್ಣಿನ ಮನೆ ಚಂದ ಎನ್ನುವುದು ಅದನ್ನು ಸಾರಿಸದವರ ಮಾತು. ನಮ್ಮವ್ವ ಉಗಾದಿಗೂ ದಸರೆಗೂ ಸಗಣಿ, ಕೆಮ್ಮಣ್ಣು ಕಲಸಿ ಇಡೀ ಮನೆ ಸಾರಿಸುವಳು, ಗೋಡೆಗೆ ಸುಣ್ಣ ಬಳಿಯುವಳು. ಮೊಣಕಾಲು ಹಿಡಿದ ಮೇಲೂ ಬಿಡಲಿಲ್ಲ. ಅಜ್ಜಿ ಟೈಲ್ಸ್ ಕೇಳಿದರೆ ಅದರ ಹಿಂದೆ ಅವಳ ಸೊಂಟವಿದೆ. ಇನ್ನೂ ಒಂದಿದೆ. ತೊಲೆಜಂತಿಯ ಮನೆ ಊರಲ್ಲಿ ಎಲ್ಲರಿಗೂ ಇರಲಿಲ್ಲ. ಕೇರಿಯವರಿಗೆ ಗುಡಿಸಲು. ಆ ದೊಡ್ಡ ಮನೆಗಳ ಹೊಸ್ತಿಲು ಎಲ್ಲರನ್ನೂ ಒಳಗೆ ಬಿಡುತ್ತಲೂ ಇರಲಿಲ್ಲ. ಗುಡಿಸಲಿಗೆ ಬೆಂಕಿ ಬೀಳುವುದನ್ನು ಕಂಡವರಿಗೆ ಸ್ಲ್ಯಾಬು ಎಂದರೆ ಬರೀ ಚಾವಣಿಯಲ್ಲ, ಮರ್ಯಾದೆ. "ನಮ್ಮ ಸಂಸ್ಕೃತಿ ಹಾಳಾಯ್ತು" ಎಂದು ಅವರೆದುರು ಹೇಳಲು ನನಗೆ ಬಾಯಿ ಬರುವುದಿಲ್ಲ.

ಸ್ಲ್ಯಾಬಿನ ಮನೆ

ಅನುಕೂಲ ಬರೆಯಲು ಹೆಚ್ಚು ಹೊತ್ತು ಬೇಡ. ಸೋರುವುದಿಲ್ಲ, ಒರಲೆ ತಿನ್ನುವುದಿಲ್ಲ, ಮೇಲೊಂದು ಅಂತಸ್ತು ಏರಿಸಬಹುದು, ಬ್ಯಾಂಕು ಸಾಲ ಕೊಡುತ್ತದೆ, ಹೆಣ್ಣು ಕೊಡುವವರೂ ನೋಡುತ್ತಾರೆ. ಸರ್ಕಾರದ ಕಾಗದದಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಇದ್ದರೆ ಅದು ಕಚ್ಚಾ ಮನೆ, ಇದು ಪಕ್ಕಾ ಮನೆ. ಆ ಒಂದು ಶಬ್ದವೇ ಎಷ್ಟೋ ಮಾಳಿಗೆಗಳನ್ನು ಕೆಡವಿಸಿದೆ.

ತೊಂದರೆ ಮೊದಲ ಬೇಸಿಗೆಗೇ ಕಾಣುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಏಳರ ಮೇಲೆ, ಸರಿಯಾಗಿ ಜನ ಮಲಗುವ ಹೊತ್ತಿಗೆ, ಒಳಕ್ಕೆ ಕಾರುತ್ತದೆ. ಅದಕ್ಕೆ ಮದ್ದಿದೆ. ಮೇಲೆ ಪ್ರತಿ ಬೇಸಿಗೆಗೆ ಸುಣ್ಣ ಬಳಿಯುವುದು, ಇಲ್ಲವೇ ಬಿಳಿ ಟೈಲ್ಸಿನ ಚೂರು ಹಾಸುವುದು. ಬಿಳುಪು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಒಳಗಿನ ಕಾವು ಕೆಲವು ಡಿಗ್ರಿ ಇಳಿಯುತ್ತದೆ. ಇಷ್ಟು ಅಗ್ಗದ ಕೆಲಸವನ್ನು ಬಿಟ್ಟು ಜನ ಏಸಿ ವಿಚಾರಿಸುತ್ತಾರೆ.

ಮದ್ದಿಲ್ಲದ ತೊಂದರೆ ಇನ್ನೊಂದು. ಅಣ್ಣ ಕಟ್ಟಿಸಿದ ಮನೆಯ ನಕ್ಷೆ ಪಟ್ಟಣದಿಂದ ಬಂದದ್ದು: ಹಾಲ್, ಎರಡು ಬೆಡ್‌ರೂಮು, ಅಡುಗೆಮನೆ, ಅಟ್ಯಾಚ್ಡ್ ಬಾತ್‌ರೂಮು. ಕಾಂಪೌಂಡು, ಕಬ್ಬಿಣದ ಗೇಟು. ದಂದಕ್ಕಿ ಇಲ್ಲ. ಎಮ್ಮೆಯನ್ನು ಓಣಿಯಲ್ಲಿ ಕಟ್ಟಿದರು, ಸಿಸಿ ರಸ್ತೆ ಬಂದ ಮೇಲೆ ಓಣಿಯಲ್ಲೂ ಗೂಟ ನಿಲ್ಲಲಿಲ್ಲ, ಎರಡನೇ ವರ್ಷ ಮಾರಿದರು. ಎಮ್ಮೆ ಹೋದ ಮೇಲೆ ಮೊಸರು ಪಾಕೀಟಿನಲ್ಲಿ ಬಂತು, ತಿಪ್ಪೆ ಇಲ್ಲವಾಯಿತು, ಹೊಲಕ್ಕೆ ಚೀಲದ ಗೊಬ್ಬರ. ಹಗೇವು, ಅಂದರೆ ಕಾಳು ತುಂಬಿಡುವ ನೆಲದಡಿಯ ಕುಣಿ, ಮುಚ್ಚಿ ಮೇಲೆ ಹಾಲ್‌ನ ಟೈಲ್ಸ್ ಬಂದಿತ್ತು. ಕಾಳು ಇಡಲು ಜಾಗವಿಲ್ಲದೆ ಸುಗ್ಗಿಯ ದರಕ್ಕೇ ಜೋಳ ಮಾರಿ, ಆರು ತಿಂಗಳಿಗೆ ಅಂಗಡಿಯಲ್ಲಿ ಕೊಳ್ಳತೊಡಗಿದರು. ಕಟ್ಟೆ ಇದ್ದ ಕಡೆ ಕಾಂಪೌಂಡಿನ ಗೋಡೆ. ಸಂಜೆ ಅಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಮಾತಾಡುತ್ತಿದ್ದ ನಾಲ್ಕು ಮಂದಿ ಹೆಂಗಸರು ಈಗ ನಮ್ಮ ಕಟ್ಟೆಗೆ ಬರುತ್ತಾರೆ.

ಇದರಲ್ಲಿ ಸಿಮೆಂಟಿನ ತಪ್ಪು ಎಷ್ಟು? ಸುಣ್ಣ ಬಳಿಯದ ಚಾವಣಿಯ ಕಾವಷ್ಟೇ. ಎಮ್ಮೆ, ಹಗೇವು, ಕಟ್ಟೆ ಮೂರನ್ನೂ ಹೊರಗೆ ಹಾಕಿದ್ದು ನಕ್ಷೆ. ಅದೇ ಕಾಂಕ್ರೀಟಿನಲ್ಲಿ ದಂದಕ್ಕಿಯ ಮನೆಯನ್ನೂ ಕಟ್ಟಬಹುದಿತ್ತು. ಬೇಕೆಂದು ಯಾರೂ ಹೇಳಲಿಲ್ಲ, ಬೇಕೇ ಎಂದು ಯಾರೂ ಕೇಳಲಿಲ್ಲ.

ಕೈಕಸುಬಿನವರು ಇಲ್ಲಿ ಎರಡು ಪಟ್ಟು ಎಚ್ಚರವಾಗಿರಬೇಕು. ಕುಣಿಮಗ್ಗ ಇರುವ ನೇಕಾರರಿಗೆ ನೆಲದಲ್ಲಿ ಕುಣಿಯೇ ಬೇಕು. ಕಾಲಿಗೆ ಜಾಗ ಎಂಬುದು ಒಂದು, ಕುಣಿಯ ತಂಪಿಗೆ ನೂಲು ಹರಿಯುವುದು ಕಡಿಮೆ ಎಂಬುದು ಇನ್ನೊಂದು. ಟೈಲ್ಸ್ ಹಾಕಿ ಆದಮೇಲೆ ನೆನಪಾದರೆ ಪ್ರಯೋಜನವಿಲ್ಲ. ಕಿನ್ನಾಳದ ಗೊಂಬೆ ಮಾಡುವವರ ಮನೆಯೂ ಹಾಗೇ. ಮರ ಕೆತ್ತುವುದು, ಹುಣಸೆಬೀಜದ ಅಂಟು ಅರೆಯುವುದು, ಬಣ್ಣ ಹಾಕಿ ನೆರಳಲ್ಲಿ ಒಣಗಿಸುವುದು ಎಲ್ಲ ಮನೆಯೊಳಗೇ, ಮನೆಮಂದಿಯೆಲ್ಲ ಕೂಡಿ. ಮಗು ಆ ಕಸುಬನ್ನು ಕಲಿಯುವುದು ಪಡಸಾಲೆಯಲ್ಲಿ ತೆವಳುತ್ತ. ಪಡಸಾಲೆ ತೆಗೆದು ಬೆಡ್‌ರೂಮು ಮಾಡಿದರೆ ಕಲಿಯುವ ಜಾಗ ಹೋಯಿತು.

ಯೋಜನೆಯ ಮನೆ

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಗೆ ಕೊಡುವ ನೆರವು 1,20,000 ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್. ಅಂದರೆ ಸುಮಾರು 269 ಚದರ ಅಡಿ, ಅಡಿಗೆ 450 ರೂಪಾಯಿಯೂ ಬೀಳುವುದಿಲ್ಲ. ಆ ದುಡ್ಡಿನಲ್ಲಿ ಸ್ಲ್ಯಾಬಿನ ಮನೆ ಪೂರ್ತಿಯಾಗದು. ಉಳಿದದ್ದು ಸಾಲ. ಉದ್ಯೋಗ ಖಾತ್ರಿಯ ಕೂಲಿ, ಶೌಚಾಲಯದ ನೆರವು ಬೇರೆ ಸಿಗುತ್ತದೆ, ಪಂಚಾಯ್ತಿಯಲ್ಲಿ ಅದನ್ನು ಕೇಳಿ ಬರೆಸಿಕೊಳ್ಳಿ.

ಕುಷ್ಟಗಿಯವರಿಗೆ ನನ್ನ ಸಲಹೆ: ಮನೆ ಬಿಡಬೇಡಿ, ನಕ್ಷೆಯನ್ನು ಕಣ್ಣುಮುಚ್ಚಿ ಒಪ್ಪಲೂ ಬೇಡಿ. ಕನಿಷ್ಠ ಅಳತೆಯ ಕೋಣೆ, ಅಡುಗೆಮನೆಯನ್ನು ನಿವೇಶನದ ಒಂದು ಮಗ್ಗುಲಿಗೆ ಒತ್ತಿ ಕಟ್ಟಿ, ಇನ್ನೊಂದು ಮಗ್ಗುಲಲ್ಲಿ ಎಮ್ಮೆಗೆ ಹಂಚಿನದೋ ತಗಡಿನದೋ ಇಳಿಜಾರು ಎಳೆಯುವಷ್ಟು ಜಾಗ ಬಿಡಿ. ಮನೆಯನ್ನು ನಿವೇಶನದ ನಟ್ಟನಡುವೆ ಕೂರಿಸಿದರೆ ನಾಲ್ಕೂ ಕಡೆ ಎರಡೆರಡು ಅಡಿ ಉಳಿದು ಯಾವುದಕ್ಕೂ ಬರುವುದಿಲ್ಲ. ಈ ಒಂದು ತಪ್ಪನ್ನು ಎಷ್ಟು ಕಡೆ ನೋಡಿದ್ದೇನೋ.

ಇಡೀ ಊರನ್ನೇ ಎತ್ತಿ ಬೇರೆ ಕಡೆ ಕೂರಿಸುವ ಮಾತು ಬಂದರೆ ಇನ್ನೂ ಗಟ್ಟಿಯಾಗಿ ಕೇಳಬೇಕು. 2009ರ ನೆರೆಯ ನಂತರ 'ಆಸರೆ' ಎಂಬ ಹೆಸರಲ್ಲಿ ಹೊಸ ಬಡಾವಣೆಗಳಾದವು. ಸಾಲಾಗಿ, ಒಂದೇ ಅಳತೆಯ ಮನೆಗಳು. ಕೂಡುಕುಟುಂಬ, ದನ, ಬಣವೆ ಯಾವುದಕ್ಕೂ ಸಾಲದ್ದರಿಂದ ಹಲವು ಕಡೆ ಜನ ಹಳೇ ಊರಿಗೇ ಮರಳಿದರು, ಹೊಸ ಮನೆಗಳಲ್ಲಿ ಮುಳ್ಳುಜಾಲಿ ಬೆಳೆಯಿತು. ಇದು ಕಾಂಕ್ರೀಟಿನದ್ದೇ ದೋಷ ಅನ್ನುವಂತಿಲ್ಲ. 1940ರ ದಶಕದಲ್ಲಿ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ ನೈಲ್ ದಂಡೆಯಲ್ಲಿ ನ್ಯೂ ಗೂರ್ನಾ ಎಂಬ ಊರನ್ನು ಶುದ್ಧ ಹಸಿ ಇಟ್ಟಿಗೆಯಲ್ಲಿ, ನೆಲದ ಪದ್ಧತಿಯಲ್ಲೇ ಕಟ್ಟಿಸಿದ. ಕಣ್ಣಿಗೆ ಹಬ್ಬ. ಜನ ಹೋಗಲು ಒಪ್ಪಲಿಲ್ಲ. ಅವರ ದುಡಿಮೆ ಹಳೇ ಊರಿನ ಸುತ್ತಲೇ ಇತ್ತು, ಗುಮ್ಮಟದ ಮನೆ ಅವರಿಗೆ ಗೋರಿಯ ಹಾಗೆ ಕಂಡಿತು.

ಹಳೆಯದನ್ನು ಉಳಿಸುವ ಹೆಸರಲ್ಲೂ ಬದುಕು ಒಕ್ಕಲೇಳುತ್ತದೆ. ಹೊಳೆಯಾಚೆ ಹಂಪಿ ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು 2011ರಲ್ಲಿ ತೆರವು ಮಾಡಿದ್ದು ಸ್ಮಾರಕ ಉಳಿಸಲೆಂದೇ. ಆನೆಗೊಂದಿ ಸುತ್ತಿನವರು ನೆನಪಿಡಿ, ನಿಮ್ಮೂರು ಹಂಪಿ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ. ಗುದ್ದಲಿ ಹಾಕುವ ಮುಂಚೆ ಅನುಮತಿ ಬೇಕು. ಅದೇ ಆನೆಗೊಂದಿಯಲ್ಲಿ ಹಳೇ ಮಣ್ಣಿನ ಮನೆಗಳನ್ನು ತಿದ್ದಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದೂ ನಡೆದಿದೆ. ಅಂಥ ಕಡೆ ಕೆಡವುವುದು ಶುದ್ಧ ನಷ್ಟ.

ನಡುವಿನ ದಾರಿ

ನನಗೆ ಹೆಚ್ಚು ಒಪ್ಪಿಗೆಯಾದದ್ದು ಇದು. ಹಾಗೆಂದು ಎಲ್ಲರಿಗೂ ಆಗುವುದಿಲ್ಲ, ಯಾಕೆಂದರೆ ಇದಕ್ಕೆ ಮಾಲೀಕ ಕೆಲಸದ ಮುಂದೆ ನಿಲ್ಲಬೇಕು.

ಗೋಡೆಯ ಮಾತು ಮೊದಲು. ಕೊಪ್ಪಳ, ಗಂಗಾವತಿ, ಲಿಂಗಸುಗೂರು ಕಡೆ ಕಲ್ಲಿಗೆ ಬರವಿಲ್ಲ. ಹಿರೇಬೆಣಕಲ್ಲಿನ ಮೋರೇರ ಗುಡ್ಡಕ್ಕೆ ಹೋದವರು ನೋಡಿರುತ್ತೀರಿ, ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಶಿಲಾಸಮಾಧಿಗಳು ಎರಡು ಸಾವಿರ ವರ್ಷ ಮೀರಿ ನಿಂತಿವೆ. ನಮ್ಮ ನಾಡಿನ ಮೊದಲ ಸ್ಲ್ಯಾಬು ಅದೇ ಇರಬೇಕು! ಕಲ್ಲಿನ ಗೋಡೆಯನ್ನು ಸಿಮೆಂಟು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿಸಿ, ನಡುನಡುವೆ ಉದ್ದಗಲ್ಲು ಹಾಕಿಸಿ, ಕಿಟಕಿಯ ಮೇಲ್ಮಟ್ಟಕ್ಕೆ ಸುತ್ತ ಪಟ್ಟಿ ಕೊಡಿಸಿದರೆ ತಂಪೂ ಹೌದು, ಗಟ್ಟಿಯೂ ಹೌದು. ದುಡ್ಡು ಹೋಗುವುದು ಊರಿನ ಕಲ್ಲುಕೆಲಸದವರ ಕೈಗೆ. ಸ್ಲ್ಯಾಬಿನ ಸರಳು ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯದೇ ಇದ್ದರೂ ಊರ ಕಮ್ಮಾರನಿಗೆ ಅದರಲ್ಲಿ ಬಿಡಿಗಾಸಿಲ್ಲ.

ಮಸಾರಿ (ಕೆಂಪು) ಮಣ್ಣಿದ್ದವರಿಗೆ ಇನ್ನೊಂದು ಆಯ್ಕೆ, ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಸುಡದ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ವಿಭಾಗ ಇದನ್ನು ಬೆಳೆಸಿತು. ಸಿಂಧನೂರು, ಸಿರುಗುಪ್ಪದ ಎರೆ (ಕಪ್ಪು) ಮಣ್ಣಿಗೆ ಇದು ಆಗಿಬರುವುದಿಲ್ಲ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಸಿಂಧನೂರಿನವರ "ಒಂದ್ ಮೂಲಿ ಕುಂತೈತಿ" ಎಂಬ ಮಾತಿಗೂ ಬಹುಶಃ ಇದೇ ಕಾರಣ. ಹಾಗಿದ್ದರೆ ಸ್ಲ್ಯಾಬು ಹಾಕಿಸಿದರೂ ಆ ಮೂಲೆ ಮತ್ತೆ ಕೂರುತ್ತದೆ. ಮೊದಲು ಬುನಾದಿಗೆ ಖರ್ಚು ಮಾಡಿ: ಗಟ್ಟಿ ನೆಲ ಸಿಗುವವರೆಗೆ ಅಗೆಸಿ, ಎರೆ ತೆಗೆದು ಮರಂ (ಗರಸು ಮಣ್ಣು) ತುಂಬಿಸಿ, ಗೋಡೆಯ ಬುಡದಿಂದ ಬಚ್ಚಲ ನೀರನ್ನು ದೂರ ಒಯ್ಯಿರಿ. ಎರೆ ಸೀಮೆಯವರಿಗೆ ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳ ಹಾರುಬೂದಿಯ ಇಟ್ಟಿಗೆಯೂ ಗೋಡೆಗೆ ನಡೆಯುತ್ತದೆ.

ಚಾವಣಿಗೆ ಎರಡು ದಾರಿ. ತೊಲೆಯ ಮೇಲೆ ಶಹಾಬಾದ್ ಫರಸಿ ಅಥವಾ ಚಪ್ಪಡಿ ಹಾಸಿ ಮೇಲೆ ಗಾರೆ ಹಾಕುವುದು ಹಳೇ ರೂಢಿ, ಇನ್ನೊಂದು ಅಂತಸ್ತಿನ ಆಸೆ ಇಲ್ಲದವರಿಗೆ ಸಾಕು. ಇನ್ನೊಂದು, ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದ ರೀತಿ. ಸ್ಲ್ಯಾಬಿನ ಕೆಳಭಾಗದಲ್ಲಿ ಭಾರ ಎಳೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗಕ್ಕೆ ಹಳೇ ಮಂಗಳೂರು ಹಂಚನ್ನು ಬೋರಲು ಇಟ್ಟು ಮೇಲೆ ಕಾಂಕ್ರೀಟು ಸುರಿದರೆ ಸಿಮೆಂಟೂ ಉಳಿಯುತ್ತದೆ, ಹಂಚಿನ ನಡುವಿನ ಗಾಳಿಗೆ ಕಾವೂ ತಗ್ಗುತ್ತದೆ. ಇದನ್ನು ಬಲ್ಲ ಇಂಜಿನಿಯರಿಂದಲೇ ಮಾಡಿಸಿ. ಸರಳು ತಪ್ಪಿದರೆ ಚೆಲ್ಲಾಟವಲ್ಲ.

ಬರೀ ತಗಡಿನ ಮನೆಯನ್ನು ನಾನು ಆಯ್ಕೆ ಎಂದು ಎಣಿಸುವುದಿಲ್ಲ. ಮೇ ತಿಂಗಳಲ್ಲಿ ಅದರೊಳಗೆ ಒಂದು ಮಧ್ಯಾಹ್ನ ಕೂತು ಬನ್ನಿ.

ಯಾರಿಗೆ ಯಾವುದು

ದನ, ಕಾಳು, ಕಸುಬು ಇನ್ನೂ ಮನೆಯಲ್ಲಿದ್ದು ಗೋಡೆ ನೆಟ್ಟಗಿದ್ದರೆ ಮಾಳಿಗೆ ರಿಪೇರಿ. ಅಡುಗೆಮನೆ, ಬಚ್ಚಲಿಗೆ ಮಾತ್ರ ಫರಸಿಯೋ ಟೈಲ್ಸೋ ಹಾಕಿ ಸಾರಿಸುವ ಕೆಲಸ ತಗ್ಗಿಸಿ. ಬೆಂಗಳೂರಿನ ಹುಡುಗ ಇದನ್ನು ಅಜ್ಜಿಗೆ ಕೇಳಿ ನೋಡಲಿ. ಸಾಲ ಬೇಕು, ಮೇಲೆ ಕಟ್ಟಬೇಕು, ದನ ಹೇಗೂ ಇಲ್ಲ ಎನ್ನುವವರಿಗೆ ಸ್ಲ್ಯಾಬೇ ಸರಿ, ಕಾಂಪೌಂಡಿನ ಹೊರಗೆ ಎರಡಡಿ ಅಗಲದ ಕಟ್ಟೆ ಮಾತ್ರ ಬಿಡಬೇಡಿ. ಕೈಯಲ್ಲಿ ಕಾಸು ಕಡಿಮೆ, ಪುರುಸೊತ್ತು ಇದೆ, ಕಲ್ಲೋ ಮಸಾರಿಯೋ ಹತ್ತಿರ ಸಿಗುತ್ತದೆ ಎಂದರೆ ನಡುವಿನ ದಾರಿ. ವರ್ಷಕ್ಕೊಂದು ಅಂಕಣ ಕಟ್ಟುತ್ತ ಹೋಗಬಹುದು, ಅಜ್ಜಂದಿರೂ ಹಾಗೇ ಕಟ್ಟಿದ್ದು.

ಯಾವುದನ್ನೇ ಆರಿಸಿ, ಗುತ್ತಿಗೆದಾರನಿಗೆ ಮುಂಗಡ ಕೊಡುವ ಮುಂಚೆ ಒಂದು ಬೆಳಿಗ್ಗೆ ನಿವೇಶನದಲ್ಲಿ ಸುಣ್ಣದ ಪುಡಿಯಲ್ಲಿ ನಕ್ಷೆಯನ್ನು ನೆಲಕ್ಕೆ ಬರೆಯಿರಿ. ಮನೆಮಂದಿಯೆಲ್ಲ ಅದರೊಳಗೆ ಓಡಾಡಿ. ಎತ್ತಿದ್ದರೆ ಎತ್ತನ್ನೂ ಹೊಡೆದುಕೊಂಡು ಬನ್ನಿ, ಅದು ತಿರುಗಲು ಎಷ್ಟು ಜಾಗ ಬೇಕೆಂದು ಅದೇ ತೋರಿಸುತ್ತದೆ. ನಮ್ಮ ಹಿತ್ತಲಲ್ಲಿ ಹೋದ ವರ್ಷ ಎರಡು ಅಂಕಣ ಹೊಸದಾಗಿ ಹಾಕುವಾಗ ಹೀಗೇ ಬರೆದಿದ್ದೆವು. ಅವ್ವ ಕೋಲೂರಿಕೊಂಡು ಬಂದು ಸುಣ್ಣದ ಗೆರೆಯೊಳಗೆ ನಿಂತಳು. ಒಲೆ ಎಲ್ಲಿ ಅಂದಳು, ತೋರಿಸಿದೆ. ನೀರಿನ ಹರವಿ ಎಲ್ಲಿ ಅಂದಳು, ತೋರಿಸಿದೆ. ಅಲ್ಲಿಂದ ಓಣಿಯ ಕಡೆ ನೋಡಿ, "ಒಲಿ ಮುಂದ ಕುಂತ್ರ ಹೊರಗ ಯಾರ್ ಬಂದ್ರು ಅಂತ ಕಾಣಬೇಕಲ್ಲೋ ಯಪ್ಪಾ" ಎಂದು ಕೋಲಿನಿಂದ ಬಾಗಿಲಿನ ಗೆರೆ ಅಳಿಸಿ ಒಂದೂವರೆ ಮಾರು ಆಚೆಗೆ ಎಳೆದಳು. ಬಾಗಿಲು ಈಗ ಅಲ್ಲೇ ಇದೆ.